ಬರೆಯದೆ ಬಿಟ್ಟ ಸೊನ್ನೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ರೈತರಿಗೆ ಎಲೆ ತಿನ್ನುವ ಹುಳ ಹಳೆಯ ನೆಂಟ. ಅದರ ಸಂಸಾರದ ಲೆಕ್ಕ ಮಾತ್ರ ತಲೆ ತಿರುಗಿಸುತ್ತದೆ. ಒಂದು ಹೆಣ್ಣು ಪತಂಗ ಸುಮಾರು 2,000 ಮೊಟ್ಟೆ ಇಡಬಲ್ಲದು. ಎಲ್ಲವೂ ಬದುಕಿ ಅರ್ಧ ಹೆಣ್ಣಾದರೆ ಮೊಮ್ಮಕ್ಕಳು 20 ಲಕ್ಷ, ಮರಿಮಕ್ಕಳು 200 ಕೋಟಿ. ಒಂದು ತಲೆಮಾರಿಗೆ ತಿಂಗಳು ಹಿಡಿದರೂ, ಸಸಿ ನೆಟ್ಟು ಎಲೆ ಹದಮಾಡುವ ಬ್ಯಾರನ್‌ಗೆ ಬೆಂಕಿ ಹಾಕುವ ಹೊತ್ತಿಗೆ ಭೂಮಿಯ ಮನುಷ್ಯರ ಕಾಲುಭಾಗದಷ್ಟು! ಹಾಗಾಗದಿರುವುದು ಹಕ್ಕಿ, ಕಣಜ, ಮಳೆ, ರೋಗಗಳ ಕೃಪೆ.

ಈ ಸಂಸಾರವನ್ನು ಅಳೆಯಲು ರೈತನ ಕೈಲಿರುವುದು ಒಂದು ಮೋಹಕ ಬಲೆ. ಒಳಗಿನ ಗುಳಿಗೆ ಹೆಣ್ಣಿನ ವಾಸನೆ ಬೀರುತ್ತದೆ. ಗಂಡು ಬಂದು ಬೀಳುತ್ತದೆ. ಮೊಟ್ಟೆ ಇಡುವವಳು ಲೆಕ್ಕಕ್ಕೇ ಬರುವುದಿಲ್ಲ!

ಇಂಥ ಎಣಿಕೆಯನ್ನು ನಂಬಬಹುದೇ? ಜರ್ಮನಿಯ ಕ್ರೆಫೆಲ್ಡ್ ಊರಿನ ಕೀಟಪ್ರಿಯರ ಸಂಘ ನೆನಪಾಗುತ್ತದೆ. ಹೆಚ್ಚಿನವರು ಹವ್ಯಾಸಿಗಳು. 1989ರಿಂದ 27 ವರ್ಷ, 63 ಸಂರಕ್ಷಿತ ಜಾಗಗಳಲ್ಲಿ ಬಲೆ ಹಾಕಿ, ಬಿದ್ದದ್ದನ್ನು ಒಂದೊಂದಾಗಿ ಎಣಿಸದೆ ತೂಕ ಹಾಕಿದರು. 1,503 ಮಾದರಿ ಸೇರಿ 53.54 ಕಿಲೋ, ಅಂದರೆ ಒಂದು ಸಿಮೆಂಟ್ ಮೂಟೆಗಿಂತ ಚೂರು ಹೆಚ್ಚು. ಆ ಮೂಟೆಯೇ ಹಾರುವ ಕೀಟಗಳ ತೂಕ ಶೇ. 76ರಷ್ಟು ಕುಸಿದಿದೆ ಎಂದು 2017ರಲ್ಲಿ ಜಗತ್ತಿಗೆ ಹೇಳಿತು.

ಎಣಿಸುವವನ ತಪ್ಪಿಗೆ ನಾನು ಅಷ್ಟು ಹೆದರುವುದಿಲ್ಲ. ಹತ್ತರಲ್ಲಿ ಒಂದನ್ನು ಯಾವಾಗಲೂ ತಪ್ಪಿಸುವವನು ಹೋದ ವರ್ಷವೂ ತಪ್ಪಿಸಿರುತ್ತಾನೆ. ಏರಿಳಿತ ಹಾಗೇ ಉಳಿಯುತ್ತದೆ. ನನಗೆ ಭಯ ಸೊನ್ನೆಯದು. ಚಿಟ್ಟೆ ಕಂಡ ದಿನ ಫೋಟೊ ತೆಗೆದು ಕಳಿಸುತ್ತೇವೆ, ಕಾಣದ ದಿನ ಸುಮ್ಮನಿರುತ್ತೇವೆ. ಬಲೆ ಖಾಲಿ ಇದ್ದರೆ ‘ಏನೂ ಬಿದ್ದಿಲ್ಲ, ಬರೆಯೋದೇನು’ ಅನ್ನುತ್ತೇವೆ. ವರ್ಷ ಕಳೆದ ಮೇಲೆ ಆ ಖಾಲಿ ಜಾಗ ನೋಡಿದವನಿಗೆ ಹುಳ ಬರಲಿಲ್ಲವೋ, ರೈತ ಹೋಗಲಿಲ್ಲವೋ ಗೊತ್ತಾಗುವುದಿಲ್ಲ. ಬ್ರಿಟನ್ನಿನ ಸ್ವಯಂಸೇವಕರು 1976ರಿಂದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ವಾರ ಅದೇ ದಾರಿಯಲ್ಲಿ ನಡೆದು, 5 ಮೀಟರ್ ಅಗಲದೊಳಗಿನ ಚಿಟ್ಟೆ ಎಣಿಸುವುದು ಇದಕ್ಕೇ: ಅಲ್ಲಿ ಸೊನ್ನೆಗೂ ತಾರೀಕಿದೆ.

ಆದರೆ ಸೊನ್ನೆಯೂ ಸುಳ್ಳು ಹೇಳಬಲ್ಲದು. ಗುಳಿಗೆ ಕೆಲವು ವಾರಗಳಲ್ಲಿ ವಾಸನೆ ಕಳೆದುಕೊಳ್ಳುತ್ತದೆ. ಬದಲಿಸಲು ಮರೆತರೆ ಪಕ್ಕದ ಸಾಲಿನ ಎಲೆ ಜರಡಿಯಾಗಿರುತ್ತದೆ, ಪುಸ್ತಕದಲ್ಲಿ ಮಾತ್ರ ದುಂಡಗಿನ ಸೊನ್ನೆ.