ರೋಗ ಸಮಾನ, ಸಾವು ಅಸಮಾನ

ಭದ್ರಾವತಿಯ ಧರ್ಮಕೇಂದ್ರವೊಂದರಲ್ಲಿ ನಾನು ಸೇವೆಯಲ್ಲಿದ್ದ ಕಾಲದ ಮಾತು. ಮಳೆಗಾಲ ಮುಗಿದು ಚಳಿ ಅಡಿಯಿಟ್ಟಿತ್ತು. ಗುತ್ತಿಗೆ ಕಾರ್ಮಿಕರೊಬ್ಬರ ಮನೆಯಿಂದ ಕರೆ ಬಂತು. ಎಂಟು ತಿಂಗಳ ಕೂಸಿಗೆ ಎರಡು ದಿನಗಳಿಂದ ವಾಂತಿ, ಭೇದಿ. ನಾನು ಹೋಗಿ ಮಗುವಿನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಹೊರಡುವಾಗ ಅಜ್ಜಿ ಹೇಳಿದರು: "ನೀರು ಕುಡಿಸಿದರೆ ಭೇದಿ ಇನ್ನೂ ಹೆಚ್ಚುತ್ತದೆ ಸ್ವಾಮಿ, ಅದಕ್ಕೇ ನಿಲ್ಲಿಸಿಬಿಟ್ಟಿದ್ದೇವೆ." ನಾನು ಆ ಮಾತನ್ನು ಕೇಳಿಸಿಕೊಂಡೆ, ಏನೂ ಹೇಳದೆ ಬಂದೆ. ಮರುದಿನ ಸಂಜೆ ಆ ಪುಟ್ಟ ಶವಪೆಟ್ಟಿಗೆಯ ಮುಂದೆ ನಿಂತಿದ್ದೆ. "ಎಲ್ಲ ದೇವರ ಚಿತ್ತ" ಎಂದು ಹಿರಿಯರೊಬ್ಬರು ನಿಟ್ಟುಸಿರಿಟ್ಟರು. ನಾನೂ ತಲೆಯಾಡಿಸಿದೆ.

ಆ ತಲೆಯಾಡಿಸಿದ್ದು ಸರಿಯೇ ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರಿಂದ ಕಲಿತ ಪಾಠವೊಂದಿದೆ. ದೇವರು ಆದಿಕಾರಣನಾದರೂ ಲೋಕದ ಸಂಗತಿಗಳಿಗೆ ಅವುಗಳದೇ ಆದ ಸಮೀಪದ ಕಾರಣಗಳಿರುತ್ತವೆ. ಅವು ನಿಜವಾದ ಕಾರಣಗಳೇ. ಆ ಕಾರಣವನ್ನು ಅರಸದೆ ಎಲ್ಲವನ್ನೂ ದೇವರ ತಲೆಗೆ ಕಟ್ಟುವುದು ಭಕ್ತಿಯಲ್ಲ, ಆಲಸ್ಯ.

ಹಾಗಾದರೆ ಇಲ್ಲಿ ಸಮೀಪದ ಕಾರಣ ಯಾವುದು? ಆ ಮಗುವನ್ನು ಯಾರೂ ಪರೀಕ್ಷಿಸಲಿಲ್ಲವಾದ್ದರಿಂದ ಖಚಿತವಾಗಿ ಹೇಳಲಾರೆ. ಆದರೆ ಎಳೆಯ ಮಕ್ಕಳ ತೀವ್ರ ಭೇದಿಗೆ ಅತಿ ದೊಡ್ಡ ಕಾರಣ ರೋಟಾ ಎಂಬ ವೈರಾಣು. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ರೋಗಿಷ್ಠ ಮಕ್ಕಳ ಕರುಳಿನಲ್ಲಿ ಇದನ್ನು ಕಂಡರು. ಮಲದಿಂದ ಕೈಗೆ, ಕೈಯಿಂದ ಬಾಯಿಗೆ ದಾಟುವ ಈ ವೈರಾಣು ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಆಗ ದೇಹದ ನೀರು, ಉಪ್ಪುಗಳು ಹೊರಗೆ ಹರಿದುಹೋಗುತ್ತವೆ. ಕೂಸನ್ನು ಕೊಲ್ಲುವುದು ಬಹುಪಾಲು ಈ ನೀರಿನ ನಷ್ಟವೇ.

ಗಮನಿಸಬೇಕಾದ ಸಂಗತಿಯೆಂದರೆ, ಗುಡಿಸಲು, ಮಹಡಿ ಎಂಬ ಅಂತರವಿಲ್ಲದೆ ಜಗತ್ತಿನ ಬಹುತೇಕ ಎಲ್ಲ ಮಕ್ಕಳಿಗೂ ಐದು ವರ್ಷ ತುಂಬುವುದರೊಳಗೆ ಈ ಸೋಂಕು ಒಮ್ಮೆಯಾದರೂ ತಗಲುತ್ತದೆ. ಅಮೆರಿಕದ ಮಗುವಿಗೂ ತಗಲುತ್ತದೆ, ಭದ್ರಾವತಿಯ ಮಗುವಿಗೂ ತಗಲುತ್ತದೆ. ಆದರೆ ಸಾವು ಹಾಗೆ ಸಮನಾಗಿ ಹಂಚಿಕೆಯಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2013ರಲ್ಲಿ ರೋಟಾದಿಂದ ಸತ್ತ ಮಕ್ಕಳು ಸುಮಾರು 2 ಲಕ್ಷ 15 ಸಾವಿರ. ಅವರಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಭಾರತದ ಮಕ್ಕಳು. ರೋಗ ಸಮಾನ, ಸಾವು ಅಸಮಾನ. ಈ ಅಸಮಾನತೆಯನ್ನು ಮಾಡಿದವನು ದೇವರಲ್ಲ.

ಇದನ್ನು ತಡೆಯುವ ಬಗೆಯನ್ನು ನಮ್ಮ ದೇಶವೇ ಕಂಡುಕೊಂಡಿತು. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಎಂ.ಕೆ. ಭಾನ್ ಮತ್ತು ಸಂಗಡಿಗರು, ಸೋಂಕಿದ್ದರೂ ಭೇದಿಯಾಗದ ನವಜಾತ ಶಿಶುಗಳನ್ನು ಕಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರಿಗೂ ನಮ್ಮ ರಾಜಧಾನಿಯ ಶಿಶುಗಳಲ್ಲಿ ಇಂಥದೇ ಸೌಮ್ಯ ತಳಿ ದೊರೆಯಿತು. ದೆಹಲಿಯ ತಳಿಯಿಂದ 'ರೋಟಾವ್ಯಾಕ್' ಎಂಬ ಲಸಿಕೆ ಸಿದ್ಧವಾಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರಕಾರದ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ರೋಟಾ ಲಸಿಕೆ, 2019ರ ಹೊತ್ತಿಗೆ ಕರ್ನಾಟಕವೂ ಸೇರಿದಂತೆ ದೇಶವನ್ನೆಲ್ಲ ಮುಟ್ಟಿತು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಬಾಯಿಗೆ ಹಾಕುವ ಈ ಲಸಿಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಪಲ್ಸ್ ಪೋಲಿಯೊ ಭಾನುವಾರಗಳಂದು ಬಲಿಪೂಜೆ ಮುಗಿಸಿ ಮಕ್ಕಳನ್ನೆತ್ತಿಕೊಂಡು ಸಾಲುನಿಂತವರು ನಾವು. ಪೋಲಿಯೊ ವೈರಾಣು ಕೂಡ ಬಾಯಿಯಿಂದ ಹೊಕ್ಕು ಕರುಳಿನಲ್ಲೇ ಬೆಳೆಯುವಂಥದು. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಅದೇ ಶ್ರದ್ಧೆ ಇಲ್ಲಿಯೂ ಬೇಕು.

ಆದರೆ ರೋಟಾವ್ಯಾಕ್ ಪೂರ್ಣ ಕವಚವಲ್ಲ. ಭಾರತದಲ್ಲಿ ನಡೆದ ಪರೀಕ್ಷೆಯಲ್ಲಿ ಅದು ಮೊದಲ ವರ್ಷದ ತೀವ್ರ ರೋಟಾ ಭೇದಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಮಾತ್ರ ತಡೆಯಿತು. ಉಳಿದದ್ದು ಮನೆಯ ಕೈಯಲ್ಲಿದೆ. 1971ರ ಬಾಂಗ್ಲಾ ಯುದ್ಧದ ವೇಳೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬಿಸ್ ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಭೇದಿಯಾಗುತ್ತಿರುವಾಗಲೂ ಕರುಳು ಸಕ್ಕರೆಯೊಡನೆ ಉಪ್ಪನ್ನೂ, ಅದರ ಹಿಂದೆ ನೀರನ್ನೂ ಹೀರಿಕೊಳ್ಳುತ್ತದೆ. ಓ.ಆರ್.ಎಸ್. ಪೊಟ್ಟಣದ ಗುಟ್ಟು ಇಷ್ಟೇ.

ಆದ್ದರಿಂದ ತಾಯಂದಿರೇ, ಅಜ್ಜಿಯರೇ, ಮಗುವಿಗೆ ಭೇದಿಯಾದಾಗ ನೀರು ನಿಲ್ಲಿಸಬೇಡಿ, ಎದೆಹಾಲನ್ನಂತೂ ನಿಲ್ಲಿಸಲೇಬೇಡಿ. ಪೊಟ್ಟಣದ ಮೇಲೆ ಬರೆದಷ್ಟೇ ಅಳತೆಯ ಶುದ್ಧ ನೀರಿನಲ್ಲಿ ಓ.ಆರ್.ಎಸ್. ಕಲಸಿ, ಚಮಚ ಚಮಚವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ನಿಧಾನವಾಗಿ ಕೊಡಿ. ಆರು ತಿಂಗಳು ದಾಟಿದ ಮಗುವಿಗೆ ತುಸು ಉಪ್ಪು ಹಾಕಿದ ಗಂಜಿತಿಳಿಯೂ ಒಳ್ಳೆಯದು. ಕೊಂಕಣಿ ಮನೆಗಳ ಪೇಜ್, ತಮಿಳು ಮನೆಗಳ ಕಂಜಿ ಇದೇ ತಾನೆ! ಅಂಗಡಿಯ ಸಿಹಿ ಪಾನೀಯಗಳು ಓ.ಆರ್.ಎಸ್. ಅಲ್ಲ. ವೈರಾಣುವಿನ ಭೇದಿಗೆ ಆಂಟಿಬಯಾಟಿಕ್ ನಾಟುವುದಿಲ್ಲ. ವೈದ್ಯರು ಹೇಳದೆ ಕೊಡಬೇಡಿ. ಸತುವಿನ ಮಾತ್ರೆಯನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಕಣ್ಣು ಗುಳಿಬಿದ್ದರೆ, ನೆತ್ತಿ ಕುಸಿದರೆ, ಮೂತ್ರ ನಿಂತರೆ, ಮಗು ಮಂಕಾದರೆ, ಕುಡಿಯಲಾರದೆ ಹೋದರೆ ಅಥವಾ ಮಲದಲ್ಲಿ ರಕ್ತ ಕಂಡರೆ, ಬೆಳಗಾಗಲೆಂದು ಕಾಯಬೇಡಿ. ಭದ್ರಾವತಿಯ ತಾಲ್ಲೂಕು ಆಸ್ಪತ್ರೆಗೋ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಆ ಕ್ಷಣವೇ ಹೊರಡಿ.

ತುಂಗೆ ಶಿವಮೊಗ್ಗದ ಬದಿಯಲ್ಲಿ, ಭದ್ರೆ ಭದ್ರಾವತಿಯ ನಡುವೆ ಹರಿದು ಕೂಡಲಿಯಲ್ಲಿ ಒಂದಾಗುತ್ತವೆ. ಎರಡು ನದಿಗಳ ನಾಡಿನಲ್ಲಿ ಒಂದು ಕೂಸು ನೀರಿಲ್ಲದೆ ಒಣಗಿ ಸಾಯುವುದೆಂದರೆ ಅದಕ್ಕಿಂತ ನಾಚಿಕೆ ಬೇರೆಯಿಲ್ಲ.

ಈಗ ರೋಗಿಯ ಮನೆಗೆ ಹೋಗುವಾಗ ನನ್ನ ಚೀಲದಲ್ಲಿ ಪವಿತ್ರ ತೈಲದ ಜೊತೆಗೆ ಎರಡು ಓ.ಆರ್.ಎಸ್. ಪೊಟ್ಟಣಗಳೂ ಇರುತ್ತವೆ. ಮೊದಲು ಕೇಳುತ್ತೇನೆ: "ಮಗು ಏನಾದರೂ ಕುಡಿಯಿತೇನಮ್ಮಾ?" ಪ್ರಾರ್ಥನೆ ಅದರ ನಂತರ. ದೇವರ ಚಿತ್ತವೇನೆಂದು ಬಲ್ಲೆನೆನ್ನಲು ನಾನು ಯಾರು? ಆದರೆ ಬಾಯಾರಿದ ಕೂಸಿಗೆ ನೀರು ಕೊಡುವುದು ಅದರಲ್ಲಿ ಸೇರಿದೆಯೆಂಬುದರಲ್ಲಿ ನನಗೆ ಸಂಶಯವಿಲ್ಲ.