ಕಥೋಲಿಕ ನೀತಿಬೋಧೆಯ ಹಿಂದಿನ ತರ್ಕ

ಕಥೋಲಿಕ ಧರ್ಮಸಭೆಯನ್ನು ಸೇರಬಯಸುವ ದೀಕ್ಷಾರ್ಥಿಗಳಿಗೆ, ಅಂದರೆ ದೀಕ್ಷಾಸ್ನಾನಕ್ಕೆ ಮುನ್ನ ಧರ್ಮಬೋಧೆ ಪಡೆಯುತ್ತಿರುವವರಿಗೆ, ತ್ರಿತ್ವದಂತಹ ಗಹನ ತತ್ತ್ವಕ್ಕಿಂತಲೂ ನೈತಿಕ ಬೋಧನೆಗಳೇ ಅನೇಕ ವೇಳೆ ತೊಡಕೆನಿಸುತ್ತವೆ. ಮನುಷ್ಯಸ್ವಭಾವಕ್ಕೆ ಯಾವುದು ನಿಜವಾದ ಒಳಿತೆಂಬುದನ್ನು ವಿವೇಕದಿಂದಲೇ ಅರಿಯಬಹುದೆಂದು ಹೇಳುವ, 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ವಿಸ್ತಾರವಾಗಿ ನಿರೂಪಿಸಿದ ‘ನಿಸರ್ಗ ನಿಯಮ’ವು ಬೈಬಲ್ಲಿನ ಜೊತೆಗೆ ಈ ಬೋಧನೆಗಳಿಗೆ ಆಧಾರವಾಗಿದೆ.

1968ರಲ್ಲಿ ಪೋಪ್ ಆರನೆಯ ಪೌಲರು ‘ಹ್ಯುಮಾನೆ ವೀಟೆ’ ಎಂಬ ವಿಶ್ವಪತ್ರದಲ್ಲಿ ಕೃತಕ ಗರ್ಭನಿರೋಧವನ್ನು ನಿಷೇಧಿಸಿದ್ದನ್ನು ಸಂತಾನದ ಸಂಖ್ಯೆ ಹೆಚ್ಚಿಸುವ ಹಟವೆಂದು ಹಲವರು ಭಾವಿಸುವುದುಂಟು. ಆದರೆ ತಕ್ಕ ಕಾರಣವಿದ್ದಲ್ಲಿ ಋತುಚಕ್ರದ ಫಲವತ್ತಲ್ಲದ ದಿನಗಳನ್ನು ಅನುಸರಿಸಿ ಹೆರಿಗೆಗಳ ನಡುವೆ ಅಂತರವಿಡುವುದನ್ನು ಅದೇ ಪತ್ರ ಒಪ್ಪುತ್ತದೆ. ದಾಂಪತ್ಯದ ಮಿಲನಕ್ಕಿರುವ ಪ್ರೀತಿಯ ಐಕ್ಯ ಮತ್ತು ಸಂತಾನೋನ್ಮುಖತೆ ಎಂಬ ಎರಡು ಅರ್ಥಗಳನ್ನು ಮನುಷ್ಯ ತಾನಾಗಿ ಬೇರ್ಪಡಿಸಬಾರದೆಂಬುದೇ ಅದರ ವಾದದ ತಿರುಳು. ಮಿಲನವಿಲ್ಲದೆ ಸಂತಾನ ಪಡೆಯುವ ಪ್ರನಾಳ ಶಿಶು ವಿಧಾನವನ್ನು 1987ರ ‘ದೋನುಮ್ ವೀಟೆ’ ಎಂಬ ವ್ಯಾಟಿಕನ್ ಬೋಧನಾಪತ್ರ ನಿರಾಕರಿಸಿದ್ದೂ ಇದೇ ತತ್ತ್ವದಿಂದ. ಒಪ್ಪದವರೂ ಈ ಸುಸಂಗತತೆಯನ್ನು ಗಮನಿಸಲೇಬೇಕು.

ಬೇರೆ ಕ್ರೈಸ್ತ ಪಂಗಡಗಳಿಂದ ಬರುವವರು ಸೇರ್ಪಡೆಯ ವಿಧಿಯಲ್ಲಿ, ದೇವರು ಪ್ರಕಟಿಸಿದ್ದೆಂದು ಧರ್ಮಸಭೆ ಬೋಧಿಸುವುದೆಲ್ಲವನ್ನೂ ನಂಬುವುದಾಗಿ ಬಹಿರಂಗವಾಗಿ ಘೋಷಿಸಬೇಕಾಗುತ್ತದೆ. ಆದ್ದರಿಂದ ಸೇರಬಯಸುವವರೆಲ್ಲರೂ 1992ರ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ನೀತಿಬೋಧೆಯನ್ನು ಕುರಿತ ಮೂರನೆಯ ಭಾಗವನ್ನು ಓದಿ, ತಮ್ಮ ಪ್ರಶ್ನೆಗಳನ್ನು ಮುಂಚಿತವಾಗಿಯೇ ಬೋಧಕರ ಮುಂದೆ ಸಂಕೋಚವಿಲ್ಲದೆ ಇಡಬೇಕು.