ಗಾಡಿಯ ಟಾಪು ಜೋತುಬಿದ್ದರೆ ಸಿಟ್ಟು ಬಟ್ಟೆಯ ಮೇಲೇಕೆ?

ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿ ನಗರದ ಹಳೆ ಕಾರುಗಳ ಒಳಗೆ ಒಂದು ತಮಾಷೆ ಕಂಡುಬರುತ್ತದೆ. ಹಿಂದಿನ ಸೀಟಿನವರು ಒಂದು ಕೈಯಿಂದ ಟಾಪಿನ ಬಟ್ಟೆಯನ್ನು ಎತ್ತಿ ಹಿಡಿದೇ ಕುಳಿತಿರುತ್ತಾರೆ. ಕಿಟಕಿ ಇಳಿಸಿದರೆ ಸಾಕು, ಗಾಳಿ ತುಂಬಿ ಬಟ್ಟೆ ಮದುವೆ ಹಂದರದಂತೆ ಹೊಟ್ಟೆ ಬಿಡುತ್ತದೆ. ತಲೆಯ ಮೇಲೆ, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಹಳದಿ ಪುಡಿ ಉದುರುತ್ತದೆ. ಡ್ರೈವರ್ ಕನ್ನಡಿ ನೋಡಿದರೆ ಹಿಂದಿನ ಲಾರಿ ಕಾಣದು, ಬಟ್ಟೆ ಕಾಣುತ್ತದೆ. ಚೆನ್ನಮ್ಮ ಸರ್ಕಲ್ಲಿನ ಗದ್ದಲದಲ್ಲಿ ಇದು ನಗುವ ಮಾತಲ್ಲ.

ಬಸ್ಸಿನಲ್ಲಿ ಓಡಾಡುವವರಿಗೆ ಈ ಕಾಟವಿಲ್ಲ ಬಿಡಿ. ಬಸ್ಸಿನ ಛತ್ತಿಗೆ ಬಟ್ಟೆಯೇ ಇಲ್ಲ, ಸೋರಿದರೆ ನೀರು ನೇರ ತಲೆಯ ಮೇಲೆ. ಕಾರಿನಲ್ಲಿ ಹಾಗಲ್ಲ. ಕಾರಿನ ನೀರು ಕಳ್ಳ. ಒಂದು ಕಡೆ ಒಳಗೆ ಬಂದು, ತಗಡಿನ ಸಂದಿಯಲ್ಲಿ ಹರಿದು, ಇನ್ನೊಂದು ಕಡೆ ಬಟ್ಟೆಯ ಮೇಲೆ ಚಹದ ಬಣ್ಣದ ಕಲೆ ಬಿಡುತ್ತದೆ. ಮಾಲಕರು ಕಲೆ ಇದ್ದಲ್ಲಿ ತಿಕ್ಕುತ್ತಾರೆ, ತೂತು ಮತ್ತೆಲ್ಲೋ ಇರುತ್ತದೆ.

ಹಳೆಯ ಅಂಬಾಸಿಡರಿನ ಕಥೆ ಬೇರೆ. ಅದರ ಬಟ್ಟೆ ಅಂಟಿಸಿದ್ದಲ್ಲ, ತೂಗುಹಾಕಿದ್ದು. ಬಟ್ಟೆಯ ಬೆನ್ನಿಗೆ ಅಡ್ಡಡ್ಡ ಚೀಲದಂಥ ಹೊಲಿಗೆ ಹಾಕಿ, ಒಳಗೆ ತಂತಿಯ ಕಮಾನು ತೂರಿಸಿ, ಎರಡೂ ಬದಿಗೆ ಸಿಕ್ಕಿಸಿ ಬಿಗಿಯುತ್ತಿದ್ದರು. ಜೋತುಬಿದ್ದರೆ ಹೊಲಿಗೆ ಬಿಟ್ಟಿದೆ, ಇಲ್ಲವೇ ಅಂಚು ಕಿತ್ತಿದೆ ಎಂದರ್ಥ. ಅದನ್ನು ಬದಲಿಸುವವ ಅರ್ಧ ದರ್ಜಿ, ಅರ್ಧ ಮೆಕ್ಯಾನಿಕ್ ಆಗಿರಬೇಕು. ಕಮಾನುಗಳ ಉದ್ದ ಒಂದೇ ಇರುವುದಿಲ್ಲ. ಬಿಚ್ಚುವಾಗ ಒಂದೊಂದಕ್ಕೂ ನಂಬರಿನ ಚೀಟಿ ಕಟ್ಟದಿದ್ದರೆ ಮತ್ತೆ ಕೂಡಿಸುವಾಗ ದೇವರೇ ಗತಿ. ಉತ್ತರಪಾರಾದ ಕಾರಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಫಿಯಾಟ್ ಪದ್ಮಿನಿ ಅದಕ್ಕೂ ಮೊದಲೇ ಹೋಗಿತ್ತು. ಗಾಡಿ ಕಡಿಮೆಯಾದಂತೆ ಕಮಾನಿನ ಹೊಲಿಗೆ ಕಲಿಯುವ ಹುಡುಗರೂ ಕಡಿಮೆ. ಕಲಿತು ಮಾಡುವುದೇನು, ವರ್ಷಕ್ಕೆ ಎಷ್ಟು ಅಂಬಾಸಿಡರ್ ಬಂದಾವು?

ಆಮೇಲಿನ ಗಾಡಿಗಳಲ್ಲಿ ಹೆಚ್ಚಿನವಕ್ಕೆ ತಂತಿ ಇಲ್ಲ. ಛತ್ತಿನ ಆಕಾರಕ್ಕೆ ಅಚ್ಚು ಹಾಕಿದ ಒಂದು ಹಲಗೆ, ಅದರ ಮೇಲೆ ತೆಳ್ಳನೆಯ ಫೋಮ್, ಫೋಮಿಗೆ ಅಂಟಿದ ಬಟ್ಟೆ. ಈ ಫೋಮಿನ ದಪ್ಪ ಸಾಮಾನ್ಯವಾಗಿ 3 ಮಿಲಿಮೀಟರ್ ಇದ್ದೀತು. ರೋಗ ಇರುವುದೇ ಅಲ್ಲಿ. 35 ಡಿಗ್ರಿ ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಒಂದು ತಾಸಿನಲ್ಲಿ 50 ಡಿಗ್ರಿ ದಾಟುತ್ತದೆ. ಟಾಪಿನ ತಗಡು ಅದಕ್ಕಿಂತ ಬಿಸಿ. ಹುಬ್ಬಳ್ಳಿಯ ಬೇಸಿಗೆ ಕಾಯಿಸುತ್ತದೆ, ಧಾರವಾಡದ ಜಿಟಿಜಿಟಿ ಮಳೆ ತೇವ ಹಿಡಿಸುತ್ತದೆ. ಶಾಖ ಮತ್ತು ತೇವ ಸೇರಿ ಹತ್ತು ಹದಿನೈದು ವರ್ಷಕ್ಕೆ ಫೋಮ್ ಬೂದಿಯಾಗುತ್ತದೆ. ಬಟ್ಟೆ ಗಟ್ಟಿ ಇದೆ, ಹಲಗೆ ಗಟ್ಟಿ ಇದೆ, ನಡುವಿನದು ಮಾತ್ರ ಸತ್ತಿದೆ.

ಇದು ತಿಳಿಯದೆ ಜನ ಮೊದಲು ಹಿಡಿಯುವುದು ಗುಂಡುಪಿನ್ನು. ಒಂದು, ಎರಡು, ಹತ್ತು, ಆಮೇಲೆ ಟಾಪು ನಕ್ಷತ್ರದ ಆಕಾಶ! ಪಿನ್ನು ಕಳಚಿ ಬಿದ್ದರೆ ಸೀಟಿನಲ್ಲಿ ಕುಳಿತವರಿಗೆ ಗೊತ್ತಾಗುತ್ತದೆ. ಎರಡನೆಯ ಉಪಾಯ, ಸಿರಿಂಜಿನಲ್ಲಿ ಸೊಲ್ಯೂಷನ್ ತುಂಬಿ ಬಟ್ಟೆಯ ಹಿಂದೆ ಬಿಡುವುದು. ಇದರಿಂದ ಬಟ್ಟೆಯ ಮೇಲೆ ಹೊಸ ಕಲೆಯಾಗುವುದೇ ಲಾಭ. ಪುಡಿಗೆ ಅಂಟು ಹಾಕಿದರೆ ಪುಡಿಯೇ ಅಂಟೀತು, ಹಲಗೆ ಅಂಟದು.

ಕುಶನ್ ಅಂಗಡಿಯ ಮುಂದೆ ನಡೆಯುವ ಜಗಳವೂ ಇದರದ್ದೇ. ಬಾಡಿಗೆ ಗಾಡಿಯವನಿಗೆ ಅವಸರ: “ಮ್ಯಾಲಿನ ಬಟ್ಟಿ ಅಷ್ಟ ಅಂಟಿಸಿ ಕೊಡ್ರಿ, ಸಂಜೀಕ ಸವದತ್ತಿಗೆ ಬಾಡಿಗಿ ಐತಿ.” ಕಾರಾಗಿರನ ಉತ್ತರ: “ಅಂಟಸ್ತೀನ್ರಿ, ಆದ್ರ ಎಂಟ ದಿನಕ್ಕ ಮತ್ತ ನನ್ನ ಬೈಯಾಕ ಬರ್ತೀರಿ.” ಇಬ್ಬರದೂ ಸರಿಯೇ. ಟಾಪು ಜೋಲುವ ಗಾಡಿಗೆ ಗಿರಾಕಿ ಎರಡನೆಯ ಸಲ ಹತ್ತುವುದಿಲ್ಲ, ಗಾಡಿ ಎರಡು ದಿನ ನಿಂತರೆ ಮನೆಯ ಒಲೆಗೂ ತೊಂದರೆ.

ಆದರೂ ಸರಿಯಾದ ಕೆಲಸಕ್ಕೆ ಒಂದೆರಡು ದಿನ ಬೇಕೇ ಬೇಕು. ಲೈಟು, ಹಿಡಿಕೆ, ಬಿಸಿಲುತಡೆ, ಬಾಗಿಲಿನ ರಬ್ಬರು ಎಲ್ಲ ಬಿಚ್ಚಿ ಹಲಗೆಯನ್ನು ಮಡಚದೆ ಹೊರತೆಗೆಯಬೇಕು. ಹಳೆ ಬಟ್ಟೆ ಕಿತ್ತ ಮೇಲೆ ಬ್ರಷ್ ಹಿಡಿದು ಒಂದು ಕಾಳಿನಷ್ಟೂ ಫೋಮ್ ಉಳಿಯದಂತೆ ಉಜ್ಜಬೇಕು. ಬೇಸರದ ಕೆಲಸ ಇದೇ, ಕಳ್ಳತನವಾಗುವುದೂ ಇಲ್ಲೇ. ಗಿರಾಕಿ ಹೊಸ ಬಟ್ಟೆಯ ಬಣ್ಣ ನೋಡುತ್ತಾನೆಯೇ ಹೊರತು ಉಜ್ಜಿದ ಹಲಗೆ ನೋಡುವುದಿಲ್ಲ. ನೋಡಬೇಕು. ಆಮೇಲೆ ಶಾಖ ತಡೆಯುವ ಸೊಲ್ಯೂಷನ್ ಹಲಗೆಗೂ ಹೊಸ ಬಟ್ಟೆಯ ಫೋಮಿಗೂ ಹಚ್ಚಿ, ಬೆರಳಿಗೆ ಜಿಗುಟಾಗುವ ತನಕ ಕಾದು, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತ ಕೂಡಿಸುವುದು. ಬಟ್ಟೆಯ ಹಿಂದೆ ಫೋಮ್ ಇರಲೇಬೇಕು. ಮನೆಯ ಪರದೆ ಬಟ್ಟೆ ತಂದುಕೊಟ್ಟು ಅಂಟಿಸಿ ಎಂದರೆ ಅಂಟು ಹೊರಗೆ ಹಾಯುತ್ತದೆ, ಹಲಗೆಯ ಉಬ್ಬುತಗ್ಗೆಲ್ಲ ಕಾಣುತ್ತದೆ. ಮಳೆ ಹಿಡಿದ ದಿನ ಈ ಕೆಲಸ ಬೇಡ ಎನ್ನುವ ಕಾರಾಗಿರ ಸೋಮಾರಿಯಲ್ಲ. ಗಾಳಿಯ ತೇವ ಅಂಟಿಗೆ ಹಗೆ.

ಆ ಸೊಲ್ಯೂಷನ್ನಿನ ವಾಸನೆ ಕಾರಾಗಿರನ ಎದೆಗೂ ಹಗೆಯೇ. ಷಟರ್ ಅರ್ಧ ಇಳಿಸಿದ ಸಣ್ಣ ಅಂಗಡಿಯಲ್ಲಿ ದಿನಗಟ್ಟಲೆ ಉಸಿರಾಡುವವನು ಅವನು, ತಲೆನೋವೂ ಅವನದೇ. ಬೀಡಿ ಹಚ್ಚಿದರೆ ಬೆಂಕಿಯ ಭಯ ಬೇರೆ. ಕೂಲಿಗೆ ಚೌಕಾಶಿ ಮಾಡುವ ಮಾಲಕರು ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ತಪ್ಪಿಲ್ಲ.

ಈಗ ಕಲೆಯ ಮಾತು. ಬಟ್ಟೆಯ ಮೇಲೆ ಉಂಗುರದಂಥ ಕಂದು ಗುರುತಿದ್ದರೆ ಬಟ್ಟೆ ಬದಲಿಸುವ ಮೊದಲು ನೀರಿನ ದಾರಿ ಹುಡುಕಬೇಕು. ಮುಂದಿನ ಗಾಜಿನ ರಬ್ಬರು ಒಣಗಿ ಬಿರಿದಿರಬಹುದು. ಟಾಪಿಗೆ ಬೋಲ್ಟು ಹಾಕಿ ಕ್ಯಾರಿಯರ್ ಕೂಡಿಸಿದ್ದರೆ ಆ ತೂತೇ ಇರಬಹುದು. ಜಾತ್ರೆಗೆ ಹೋಗುವ ಗಾಡಿಗಳ ಮೇಲೆ ಹೇರಿದ ಗಂಟುಮೂಟೆಯ ಭಾರಕ್ಕೆ ಬೋಲ್ಟು ಅಲುಗಿ, ಸುತ್ತಲಿನ ಲಪ್ಪ ಬಿಡುತ್ತದೆ. ಏರಿಯಲ್ಲಿನ ಬುಡ, ಮಳೆನೀರಿನ ಗಾಲುವೆಯ ಬೆಸುಗೆ, ಎಲ್ಲವೂ ಅನುಮಾನದ ಸ್ಥಳಗಳೇ. ಹಲಗೆ ಬಿಚ್ಚಿದಾಗ ಒಬ್ಬರು ಒಳಗೆ ಬ್ಯಾಟರಿ ಹಿಡಿದು ಕೂಡಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಮೇಲಕ್ಕೆ, ನಿಧಾನವಾಗಿ. ಒಮ್ಮೆಲೇ ನೆತ್ತಿಗೆ ಸುರಿದರೆ ಎಲ್ಲಿಂದ ಬಂತೆಂದು ತಿಳಿಯದು.

ಈ ಅರ್ಧ ತಾಸಿನ ಕೆಲಸ ತಪ್ಪಿಸಿದವರು ಹೊಸ ಬಟ್ಟೆಯ ಹಿಂದೆ ತುಕ್ಕು ಸಾಕುತ್ತಾರೆ. ತಗಡು ತೂತಾದ ಮೇಲೆ ಟಿಂಕರಿಂಗ್, ಪೇಂಟಿಂಗ್ ಎಂದು ಬರುವ ಬಿಲ್ಲಿನ ಮುಂದೆ ಬಟ್ಟೆಯ ಖರ್ಚು ಚಿಲ್ಲರೆ. ಹಳೆ ಗಾಡಿ ಇಟ್ಟುಕೊಳ್ಳುವುದು ಮೊದಲೇ ದುಬಾರಿ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಎಂದಾಯಿತು. ಇಷ್ಟು ಕೊಟ್ಟು ಐದು ವರ್ಷದ ಆಯುಷ್ಯ ಕೊಂಡವರು ತಗಡನ್ನೇ ಕಳೆದುಕೊಂಡರೆ ಯಾರನ್ನು ಕೇಳಬೇಕು?

ಹೊಸ ಮಾದರಿಯ ಗಾಡಿಯವರಿಗೆ ಒಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ ಟಾಪಿನ ಅಂಚಿನಗುಂಟ ಏರ್‌ಬ್ಯಾಗ್ ಇರುತ್ತದೆ. ಅಲ್ಲಿ ಪಿನ್ನು, ಸೂಜಿ, ಕಂಡಕಂಡ ಅಂಟು ಯಾವುದೂ ಸಲ್ಲದು, ಬಲ್ಲವರ ಕೈಗೇ ಕೊಡಬೇಕು. ಬರೀ ಕಲೆಯಿದ್ದು ಬಟ್ಟೆ ಬಿಗಿಯಾಗಿದ್ದರೆ ಬಿಚ್ಚುವ ಗೊಡವೆಯೇ ಬೇಡ. ಸೋಪಿನ ನೊರೆ ಮಾತ್ರ ಮುಟ್ಟಿಸಿ ಒಣಬಟ್ಟೆಯಿಂದ ಒತ್ತಿ ತೆಗೆದರಾಯಿತು, ನೀರು ಸುರಿದು ತಿಕ್ಕಿದರೆ ಇದ್ದ ಅಂಟೂ ಬಿಡುತ್ತದೆ. ಹೊಸ ಟಾಪು ಹಾಕಿಸಿದವರು ಒಂದು ದಿನ ಕಿಟಕಿ ಇಳಿಸಿ ನೆರಳಲ್ಲಿ ನಿಲ್ಲಿಸಬೇಕು. ವಾಸನೆ ಹೋದ ಮೇಲೆಯೇ ಮಕ್ಕಳುಮರಿಗಳನ್ನು ಹತ್ತಿಸುವುದು.